ಗಿಲ್ದೊ ತಪ್ಪಾಗಿ ಓದಿದ ನಾಣ್ಯ

ಇಟಲಿಯ ನಮ್ಮ ಫ್ರಿಯೂಲಿ ಬಯಲಿನ ಸಣ್ಣ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಮೂವತ್ತೆಂಟು ವರ್ಷಗಳ ಕಾಲ, ಸವೆದ ರೋಮನ್ ನಾಣ್ಯಗಳನ್ನು ಓದಿದವನು ಗಿಲ್ದೊ ತೊಮಾಸಿನ್. ಸೇರಿದ್ದು ಕಾವಲುಗಾರನಾಗಿ, ಪದವಿ ಗಿದವಿ ಏನೂ ಇಲ್ಲ. ಅಕ್ಷರವೆಲ್ಲ ಅಳಿಸಿಹೋದ ತಾಮ್ರದ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕತ್ತು, ಗದ್ದ ನೋಡಿಯೇ ಯಾವ ಚಕ್ರವರ್ತಿಯೆಂದು ಹೇಳುತ್ತಿದ್ದ. ವಿದ್ವಾಂಸರು ಎಷ್ಟೇ ಕಿತ್ತಾಡಲಿ, "ಗಿಲ್ದೊ ಹೇಳಿದ್ದಾನೆ" ಅಂದರೆ ಮಾತು ಮುಗಿಯಿತು. ಆ ಮರ್ಯಾದೆಯೊಂದನ್ನು ಬಿಟ್ಟರೆ ಅವನು ಅಲ್ಲಿ ಸಂಪಾದಿಸಿದ್ದು ಬೆನ್ನುನೋವು.

ನಿವೃತ್ತಿಯ ದಿನ ಬೆಳಗ್ಗೆ, ಅವನ ಜಾಗಕ್ಕೆ ಬಂದವಳಾದ ನನಗೆ ಉಗ್ರಾಣ ವಹಿಸಿಕೊಡುತ್ತಾ, ಹಳೇ ಕೋಟೆಗೋಡೆಯ ಬುನಾದಿಯ ಅಡಿಯಲ್ಲಿ ಸಿಕ್ಕಿದ್ದ ನಾಣ್ಯ ಎತ್ತಿದ. ಅದು ಅಗಸ್ಟಸ್ ಚಕ್ರವರ್ತಿಯದೆಂದು ಹಿಂದೆ ಚೀಟಿ ಬರೆದವನು ಅವನೇ. ಅದನ್ನು ನಂಬಿ ಗೋಡೆಯೂ ಅಗಸ್ಟಸ್‌ನ ಕಾಲದ್ದೆಂದು ಊರಿನವರು ಫಲಕ ಹಾಕಿಸಿದ್ದರು. ಗಿಲ್ದೊ ನಾಣ್ಯವನ್ನು ಎರಡು ಸಲ ತಿರುಗಿಸಿ, ಸ್ಟೂಲಿನ ಮೇಲೆ ಕುಸಿದು ಕೂತ.

"ತಲೆ ಮೇಲೆ ಮೂರು ಮೊನೆ ಕಾಣ್ತಾ ನೋಡು."

ಕಂಡವು, ಕೂದಲೆಳೆಯಷ್ಟು.

"ಕಿರಣದ ಕಿರೀಟ ಕಣೆ. ಅಗಸ್ಟಸ್‌ಗೆ ಇದನ್ನ ಇಟ್ಟಿದ್ದು ಅವನು ಸತ್ತು ದೇವರಾದ್ಮೇಲೆ. ಮುಖ ಅಗಸ್ಟಸ್‌ದೇ, ಅಚ್ಚು ಹಾಕಿಸಿದ್ದು ಆಮೇಲೆ ಬಂದ ತಿಬೇರಿಯಸ್. ಅದರ ಮೇಲೆದ್ದ ಗೋಡೆ ಅಗಸ್ಟಸ್ ಕಾಲದ್ದು ಹೆಂಗಾಗತ್ತೆ? ಮುಖ ನೋಡಿ ಮೋಸಹೋದೆ."

"ಹೋಗ್ಲಿ ಬಿಡಣ್ಣ," ಅಂದೆ. "ಮಧ್ಯಾಹ್ನ ನಿನ್ನ ಬೀಳ್ಕೊಡುಗೆ. ಮುಂದಿನ ತಿಂಗಳು ನಾನೇ ಸದ್ದಿಲ್ದೆ ಹೊಸ ಚೀಟಿ ಬರೆದಿಡ್ತೀನಿ. ಯಾರ್ ಕೇಳ್ತಾರೆ?"

"ಯಾರೂ ಕೇಳಲ್ಲ." ಒಪ್ಪಿಯೇಬಿಟ್ಟನೇನೋ ಅನಿಸಿತು, ಅಷ್ಟು ದಣಿದಿದ್ದ. "ಅದಕ್ಕೇ ನಾನೇ ಬರೀಬೇಕು."

ನಮ್ಮಲ್ಲಿ ಹಳೇ ಚೀಟಿ ಹರಿಯುವಂತಿಲ್ಲ. ತಪ್ಪಿನ ಮೇಲೆ, ಓದಲು ಬರುವಂತೆ, ಒಂದೇ ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು ಹೆಸರು ಹಾಕಬೇಕು. ತಪ್ಪಿದವನ ಹೆಸರೂ ಮೇಲೆ ಹಾಗೇ ಉಳಿಯುತ್ತದೆ. ಗಿಲ್ದೊ ಗೆರೆ ಎಳೆದ. ಮೇಲೆ ಅವನ ಹೆಸರು, ಕೆಳಗೂ ಅವನದೇ. ನಾನು ಆಡಿದ ಮಾತಿಗೆ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೇಲಿನ ಮಹಡಿಯಲ್ಲಿ ಅವನ ಹೆಂಡತಿ ನೆರೀನಾ, ಚೀಸು ಆಲೂಗಡ್ಡೆ ಹುರಿದ ಫ್ರಿಕೊ ತಂದಿಟ್ಟುಕೊಂಡು ಎಲ್ಲರ ಜೊತೆ ಕಾಯುತ್ತಿದ್ದಳು. ಗಿಲ್ದೊ ಕೋಟು ತೊಟ್ಟು ಹೊರಟವನು ಬಾಗಿಲಲ್ಲೇ ನಿಂತ.

"ಅಗಸ್ಟಸ್ ಅಂತ ನಾನು ಬರೆದಿರೋವು ಇನ್ನೂ ಎಷ್ಟಿವೆ?"

ಪಟ್ಟಿ ನನ್ನ ಕೈಯಲ್ಲೇ ಇತ್ತು. ಸುಳ್ಳು ಹೇಳಬೇಕೆನಿಸಿತು, ಆಗಲಿಲ್ಲ. "ಇನ್ನೂರ ಹನ್ನೆರಡು."

ಅವನು ಕಣ್ಣುಜ್ಜಿಕೊಂಡ. ಕೋಟು ಬಿಚ್ಚಿ, ಬಂದು ಮತ್ತೆ ಸ್ಟೂಲಿನ ಮೇಲೆ ಕೂತ.

"ನೆರೀನಾಗೆ ಊಟ ಶುರುಮಾಡು ಅಂತ ಹೇಳ್ಬಿಡು. ನಾಣ್ಯದ ಮೊದಲ್ನೇ ಡಬ್ಬ ಇಲ್ಲಿ ಕೊಡು."