ಕೊನೆಯ ಹದಿನಾರು ಪುಟ

ಲೈಬ್ರರಿ ಪುಸ್ತಕದ ಕೊನೆಯ ಹದಿನಾರು ಪುಟ ಹರಿದುಕೊಂಡು ಹೋದವನು ಯಾರೆಂದು ಬಸವೇಶನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ ದಿನ ಅವನನ್ನು ಸುಮ್ಮನೆ ಬಿಡುವವನಲ್ಲ.

ಕಡೂರಿನ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಕೆಲಸ. ಓದಿದ್ದು ಆರನೇ ಕ್ಲಾಸು. ಆದರೆ ಹಾರುವ ಕುದುರೆ, ಮಾತಾಡುವ ಬೆಟ್ಟಗಳ ಕಾದಂಬರಿ ಸಿಕ್ಕರೆ ಊಟ ಮರೆಯುತ್ತಿದ್ದ. ಮೆಚ್ಚಿದ ಪುಸ್ತಕವನ್ನು ಓದಿ, ಓದಿ ಎಂದು ಕಂಡವರಿಗೆಲ್ಲ ಗಂಟುಬೀಳುವುದು ಅವನ ಚಾಳಿ. ಓದದೆ ವಾಪಸು ಕೊಟ್ಟವರ ಜೊತೆ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದ.

ಎಲ್ಲಕ್ಕಿಂತ ಮೆಚ್ಚಿದ್ದು ಕೊನೆ ಹರಿದುಹೋಗಿದ್ದ ಆ ‘ಏಳು ಬಾವಿಗಳ ಊರು’. ಮಂಡಿಯಲ್ಲಿ ಕೊಬ್ಬರಿ ಆರಿಸುವ ಹೆಂಗಸರಿಗೆ ಅದನ್ನು ದಿನಕ್ಕಿಷ್ಟು ಹೇಳುತ್ತಾ ಬಂದ. ಅರ್ಧಕ್ಕೆ ಬಿಟ್ಟ ಕತೆ ಹೇಳಿದವನ ಮನೆ ಹೊಕ್ಕು ಕೂರುತ್ತದೆ ಎಂಬುದು ಅವರ ನಂಬಿಕೆ. ಇದ್ದ ಪುಟ ಮುಗಿದ ದಿನ ಅವರು ಅವನನ್ನು ಬಿಡಲಿಲ್ಲ. ಬಸವೇಶ ಕೊನೆಯನ್ನು ತಾನೇ ಕಟ್ಟಿದ: ರಾಣಿ ಏಳನೇ ಬಾವಿಗೆ ಇಳಿದು, ನೀರಿನಲ್ಲಿ ಸೆರೆಯಿದ್ದ ಮಕ್ಕಳ ದನಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಆಮೇಲೆ ಯಾರು ಕೇಳಿದರೂ ಪುಸ್ತಕದಲ್ಲೇ ಹಾಗಿದೆ ಎಂದ.

ಅವನು ಕತೆ ಹೇಳುವ ಸುದ್ದಿ ಅಜ್ಜಂಪುರದ ರಿಟೈರಾದ ಟೀಚರ್ ಸುಲೋಚನಮ್ಮನವರ ಕಿವಿಗೆ ಬಿತ್ತು. ಭಾನುವಾರ ಅವರ ಜಗಲಿಯಲ್ಲಿ ಓದುಗರು ಸೇರಿ ಮೆಚ್ಚಿನ ಪುಸ್ತಕಗಳ ಬಗ್ಗೆ ಹೇಳುವುದು ರೂಢಿ. ಬಸವೇಶನನ್ನೂ ಕರೆಸಿದರು.

ಹೋಗಿ ಕೂತು ತಲೆಯೆತ್ತಿ ನೋಡಿದ. ಎದುರಿಗೆ ತರೀಕೆರೆಯ ನರ್ಸ್ ನಯನ. ಅವಳ ತೊಡೆಯ ಮೇಲೆ ಅದೇ ಪುಸ್ತಕ, ರಟ್ಟು ಸಮೇತ, ಇಡಿಯಾಗಿ. ಇಷ್ಟು ಜನರೆದುರು ಸುಳ್ಳುಗಾರನಾದರೆ ಇನ್ನು ಯಾವ ಪುಸ್ತಕ ಓದಿ ಎಂದರೂ ಯಾರು ಕೇಳುತ್ತಾರೆ? ಎದ್ದು ಹೋಗೋಣವೆಂದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೊನೆಯನ್ನು ಹೇಳದೆ ನುಂಗಿಬಿಡಬೇಕೆಂದಿದ್ದ, ಸುಲೋಚನಮ್ಮ ಅದನ್ನೇ ಕೇಳಲು ಕರೆಸಿದ್ದು ಎಂದರು. ತಾನು ಕಟ್ಟಿದ ಕೊನೆಯನ್ನೇ ಹೇಳಿ ಮುಗಿಸಿದ.

ನಯನ ಹಾಳೆ ತಿರುವತೊಡಗಿದಳು. ಬಸವೇಶ ಒಂದೊಂದು ಹಾಳೆಯನ್ನೂ ಎಣಿಸುತ್ತಾ ಕೂತ.

“ಏನಮ್ಮ, ಅದ್ರಲ್ಲೂ ಹಂಗೇ ಐತಾ?” ಸುಲೋಚನಮ್ಮ ಕೇಳಿದರು.

ನಯನ ಅವನ ಮುಖ ನೋಡಿ ಪುಸ್ತಕ ಮುಚ್ಚಿದಳು. “ಹಂಗೇ ಐತೆ ಟೀಚರ್.”

ಎಲ್ಲರೂ ಎದ್ದದ್ದೇ ಬಸವೇಶ ಬಸ್‌ಸ್ಟ್ಯಾಂಡಿಗೆ ಬಂದು ನಿಂತ. ಅವಳು ನಗುತ್ತಾ ಹತ್ತಿರ ಬಂದು, ಪುಸ್ತಕದ ರಾಣಿ ಬಾವಿಗೆ ಮಣ್ಣು ಮುಚ್ಚಿಸಿ ಅರಮನೆಗೆ ಹೋಗಿ ಮಲಗುತ್ತಾಳೆ ಎಂದಳು. “ನಿಮ್ದೇ ವಾಸಿ ಕಣಣ್ಣ.”

ಅಷ್ಟು ಹೊತ್ತಿನ ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು. “ನನ್ ಪರವಾಗಿ ಸುಳ್ ಹೇಳು ಅಂತ ನಿನ್ನ ಯಾರ್ ಕೇಳಿದ್ರು?”

ಅವಳ ನಗು ಆರಿತು. ತರೀಕೆರೆ ಬಸ್ಸು ಬಂತು, ಹತ್ತಿದಳು.

ಇದಾಗಿ ನಾಲ್ಕು ವರ್ಷ. ನಯನ ಮತ್ತೆ ಆ ಜಗಲಿಗೆ ಬಂದಿಲ್ಲ. ಅವಳು ಉಳಿಸಿಕೊಟ್ಟ ಮಾನದಲ್ಲೇ ಬಸವೇಶ ಈಗಲೂ ಜನಕ್ಕೆ ಪುಸ್ತಕ ಹೇಳುತ್ತಾನೆ. ಆ ಋಣಕ್ಕೆ ಒಂದು ಮಾತು ಹೇಳಿ ಬರೋಣವೆಂದು ಎರಡು ಸಲ ತರೀಕೆರೆಗೆ ಟಿಕೆಟ್ ತೆಗೆಸಿದ. ಎರಡು ಸಲವೂ ನಡುದಾರಿಯ ಬೀರೂರಿನಲ್ಲೇ ಇಳಿದ.