ಬಣ್ಣ ಬಳಿದ ಸ್ಪ್ರಿಂಕ್ಲರ್

ಜೇವರ್ಗಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಅಲ್ಲಿ ಛಾವಣಿಯ ಪೈಪುಗಳಿಗೆ ಸಾಲಾಗಿ ಸ್ಪ್ರಿಂಕ್ಲರ್‌ಗಳಿದ್ದವು. ಬೆಂಕಿಯ ಕಾವು ತಗುಲಿದರೆ ಅವುಗಳ ಬಾಯಿಯಲ್ಲಿರುವ ಪುಟ್ಟ ಗಾಜು ಒಡೆದು ನೀರು ತಾನಾಗಿ ಸುರಿಯುತ್ತದೆ. ಇಷ್ಟು ಸಣ್ಣ ವಿಷಯವೂ ನಮ್ಮ ಸಾಹುಕಾರರ ತಲೆಗೆ ಹೋಗಲಿಲ್ಲ.

ದೀಪಾವಳಿ ಪೂಜೆಗೆಂದು ಅವರು ಮಿಲ್ಲಿಗೆಲ್ಲ ಬಣ್ಣ ಹೊಡೆಸಿದರು. ಪೈಪಿನ ಜೊತೆ ಗಾಜಿನ ಮೇಲೂ ದಪ್ಪಗೆ ಎಣ್ಣೆಬಣ್ಣ ಕೂತಿತು. ಇನ್ನು ಆ ಗಾಜು ಹೊತ್ತಿಗೆ ಸರಿಯಾಗಿ ಒಡೆಯುತ್ತದೆಂದು ನಂಬುವಂತಿಲ್ಲ, ಕೆರೆದರೂ ಉಪಯೋಗವಿಲ್ಲ, ಎಲ್ಲವನ್ನೂ ಬದಲಿಸಬೇಕು ಎಂದೆ. ಸಾಹುಕಾರರು ಕತ್ತೆತ್ತಿ ನೋಡಿ, ಹೆಣ್ಣು ಮೆಚ್ಚಿದ ಬೀಗರಂತೆ ತಲೆದೂಗಿದರು.

“ಎಷ್ಟ್ ಚಂದ ಕಾಣಾಕತ್ತಾವ ನೋಡಲೇ! ಬಣ್ಣ ಬಳದ್ರ ಏನೂ ಆಗಂಗಿಲ್ಲ.”

ಆ ಚಂದದ ಕೆಳಗೆ ಹತ್ತಿಯ ಕಸ ಆರಿಸುವ ಹೆಂಗಸರು ಕೂರುತ್ತಿದ್ದರು. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ಹತ್ತಿಗೆ ಕಿಡಿ ಬಿದ್ದರೆ ಬಾಗಿಲಿನವರೆಗೆ ಓಡಲೂ ಪುರಸೊತ್ತು ಸಿಗುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು.

“ನಿಮ್ಮ ಕೋಣ್ಯಾಗಿಂದಕ್ಕೂ ಬಣ್ಣ ಬಿದ್ದದ್ರಿ ಸಾವ್ಕಾರ್ರ, ನಿಮ್ಮ ಗಾದಿ ಮ್ಯಾಲಿಂದಕ್ಕ,” ಎಂದೆ.

ಮರುದಿನ ಒಂದು ಡಬ್ಬಿ ಬಂತು. ಒಳಗೆ ಅವರ ಕೋಣೆಗೆಂದು ಹೊಸ ಸ್ಪ್ರಿಂಕ್ಲರ್, ಒಂದೇ ಒಂದು. ಏನೂ ಆಗುವುದಿಲ್ಲ ಎಂದ ಮನುಷ್ಯನ ಧೈರ್ಯ ಅಷ್ಟೇ ಉದ್ದದ್ದು! ನಾನು ನೀರು ಬಂದ್ ಮಾಡಿ, ಅದನ್ನು ನನ್ನ ಹೆಂಡತಿ ಕೂರುವ ಜಾಗದ ಮೇಲೆ ಹಾಕಿದೆ.

“ಹಾಕಿದೇನಲೇ?” ಎಂದು ಸಾಹುಕಾರರು ಕೇಳಿದರು.

“ಹಾಕೇನ್ರಿ.”

ತಮ್ಮ ಕೋಣೆಯಲ್ಲಿ ಕತ್ತೆತ್ತಿ ನೋಡುವಷ್ಟು ತೊಂದರೆಯನ್ನೂ ಅವರು ತೆಗೆದುಕೊಳ್ಳಲಿಲ್ಲ.

ಸಂಜೆ ಮನೆಗೆ ಮರಳುವ ನೆಲೋಗಿ ಬಸ್ಸಿನಲ್ಲಿ ಈ ಪರಾಕ್ರಮವನ್ನು ಹೆಂಡತಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ.

“ಹಂಗಾರ ನನ್ನ ಮಗ್ಗಲ್ದಾಗ ಕುಂತಾಕಿ ಸುಡ್ಲೇನ್ರಿ? ಸಾವ್ಕಾರ್ರೂ ತಮ್ಮದಷ್ಟ ನೋಡಿದ್ರು, ನೀವೂ ನಮ್ಮದಷ್ಟ ನೋಡೀರಿ.”

ಅಷ್ಟು ದಿನ ಸಾಹುಕಾರರ ಬಗ್ಗೆ ಇದ್ದ ಹೇಸಿಗೆ ಆ ಕ್ಷಣ ನನ್ನ ಮೇಲೇ ಬಂತು.

ಮರುದಿನ ಬೆಳಿಗ್ಗೆ ಹೆಂಗಸರು ಯಾರೂ ಒಳಗೆ ಕಾಲಿಡಲಿಲ್ಲ. ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಗೇಟಿನ ಎದುರು ಕೂತರು. ಎಲ್ಲರಿಗೂ ವಿಷಯ ತಿಳಿಸಿದ್ದವಳು ನನ್ನ ಹೆಂಡತಿ. ಸಾಹುಕಾರರು ಬಂದು ಮೊದಲು ಗದರಿದರು, ಆಮೇಲೆ ಅಕ್ಕ, ತಂಗಿ ಎಂದು ರಮಿಸಿದರು. ಒಬ್ಬಳೂ ಏಳಲಿಲ್ಲ. ನಾನು ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಹೆಂಗಸರ ಹಿಂದೆ ಹೋಗಿ ಕೂತೆ.

ಮೂರನೆಯ ದಿನ ಇಡೀ ಮಿಲ್ಲಿಗೆ ಸಾಲುವಷ್ಟು ಸ್ಪ್ರಿಂಕ್ಲರ್ ಬಂದವು. ಕೊನೆಯದನ್ನು ತಿರುಗಿಸಿ ಬಿಗಿ ಮಾಡುವವರೆಗೂ ಹೆಂಡತಿ ನನ್ನ ಜೊತೆ ಮಾತಾಡಲಿಲ್ಲ.