ಇಸ್ತ್ರಿ ಹಾಕಿದ ಪಾಠ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಟೋಕನ್ ಕೊಡುತ್ತಿದ್ದವಳಿಗೆ ಟೀಚರಾಗುವ ಹುಚ್ಚು ಯಾಕೆ ಹಿಡಿಯಿತು ಎಂದು ಮನೆಯವರೆಲ್ಲ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ನೆರಳಲ್ಲಿ ಕುರ್ಚಿ, ತಲೆ ಮೇಲೆ ಫ್ಯಾನು, ಡಾಕ್ಟರೂ ಒಳ್ಳೆಯವರು. ಆದರೆ ಅಲ್ಲಿಗೆ ಮಕ್ಕಳು ಬರುತ್ತಿದ್ದವು. ಒಳಗಿನಿಂದ ಯಂತ್ರದ ಸದ್ದು ಕೇಳಿದ್ದೇ ತಡ, ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿ ಅಳಲು ಶುರು. ಇವಳು ಟೋಕನ್ ಪೆಟ್ಟಿಗೆ ಬದಿಗಿಟ್ಟು ಎದ್ದು ಹೋಗಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅದೂ ಇದೂ ಮಾತಾಡಿಸಿ, ನಗಿಸಿ ಒಳಗೆ ಕಳಿಸುತ್ತಿದ್ದಳು. ದಿನದ ಕೆಲಸದಲ್ಲಿ ಅವಳಿಗೆ ಹಿಡಿಸುತ್ತಿದ್ದದ್ದು ಅದೊಂದೇ. ಮಗ ಒಂದನೇ ಕ್ಲಾಸಿಗೆ ಸೇರಿದ ವರ್ಷ ಅವಳೂ ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿಕೊಂಡಳು. ಜೊತೆಯವರೆಲ್ಲ ಆಗಷ್ಟೇ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು. ಅವರ ಬಾಯಲ್ಲಿ ಅವಳು ಮೊದಲ ದಿನದಿಂದಲೇ ಅಕ್ಕ. ನಾವೂ ಹಾಗೇ ಕರೆಯೋಣ.

ಪಾಠ ಮಾಡಿ ಕಲಿಯಲೆಂದು ಅಕ್ಕನನ್ನು ಒಂದು ಮಾಧ್ಯಮಿಕ ಶಾಲೆಗೆ ಹಾಕಿದರು. ಸಿಕ್ಕಿದ್ದು ಮಹಡಿ ಮೇಲಿನ ಮೂಲೆಯ ಕ್ಲಾಸು. ಕಿಟಕಿಯಿಂದ ಸೈಕಲ್ ಸ್ಟ್ಯಾಂಡ್ ಕಾಣುತ್ತಿತ್ತು, ಹಾಗಾಗಿ ಯಾರ ಸೈಕಲ್ ಬಿದ್ದರೂ ಇಡೀ ಕ್ಲಾಸಿನ ಕತ್ತು ಅತ್ತ ತಿರುಗುತ್ತಿತ್ತು. ಬೋರ್ಡಿನ ಎಡಗಡೆ ಸೀಮೆಸುಣ್ಣ ಹತ್ತುತ್ತಿರಲಿಲ್ಲ. ಕ್ಲಿನಿಕ್ಕಿನ ಅಭ್ಯಾಸ ಬಿಡದೆ, ಲೆಕ್ಕ ಮಾಡಲು ಮಕ್ಕಳನ್ನು ಬೋರ್ಡಿಗೆ ಕರೆಯುವಾಗ ಅಕ್ಕ "ಮುಂದಿನವರು ಬನ್ನಿ" ಎಂದುಬಿಟ್ಟಳು. ಆ ಸಂಜೆಯೊಳಗೆ ಅವಳಿಗೆ 'ಮುಂದಿನವರು ಮಿಸ್' ಎಂದು ನಾಮಕರಣವಾಗಿತ್ತು.

ಆ ಕ್ಲಾಸಿನ ಸ್ವಂತ ಟೀಚರು ಗಣಿತದ ಮೇಡಂ. ಅಕ್ಕ ಪಾಠ ಮಾಡುವಾಗ ಅವರು ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತ ಕೂರುತ್ತಿದ್ದರು. ಕ್ಲಾಸು ಸಂತೆಯಾದರೂ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಗದರಿದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅಕ್ಕ ಒಳಗೊಳಗೇ ಕುದಿಯುತ್ತಿದ್ದಳು. ಕೊನೆಗೊಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ನಾನು ಬಾಯಿ ಹಾಕಿದ್ರೆ ಅದು ನನ್ನ ಕ್ಲಾಸ್ ಆಗುತ್ತಮ್ಮ. ನಿಮ್ಮದಾಗೋದು ಯಾವಾಗ?" ಎಂದರು ಮೇಡಂ, ಕೆಂಪು ಪೆನ್ನು ನಿಲ್ಲಿಸದೆ.

ಹೇಳುವುದು ಸುಲಭ. ಕಾಲೇಜಿನ ಪರೀಕ್ಷಕರು ಬಂದು ಕೂತ ಮೊದಲ ಪಾಠದಲ್ಲಿ ಅಕ್ಕ ಮಣ್ಣು ಮುಕ್ಕಿದಳು. ಹಲ್ಲುನೋವಿನವರೊಡನೆ ವರ್ಷಗಟ್ಟಲೆ ಮೆಲ್ಲಗೆ ಮಾತಾಡಿದ ದನಿ ಅದು, ಎತ್ತಿದರೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಪರೀಕ್ಷಕರು ಕನ್ನಡಕ ತೆಗೆದು, "ಪಾಠ ಚೆನ್ನಾಗೇ ಇರಬಹುದಮ್ಮ, ನನಗೇನೂ ಕೇಳಿಸ್ಲಿಲ್ಲ. ಇನ್ನೊಂದು ಸಲ ನೋಡೋಣ" ಎಂದು ಹೊರಟುಹೋದರು. ಇನ್ನೊಂದು ಸಲ ಎಂದರೆ ಕೊನೆಯ ಸಲ. ಅದೂ ಕೈಕೊಟ್ಟರೆ ಟೀಚರ್ ಆಗುವ ಮಾತು ಮರೆತು ಮತ್ತೆ ಟೋಕನ್ ಪೆಟ್ಟಿಗೆಯ ಮುಂದೆ ಕೂರುವುದೇ. ಡಾಕ್ಟರು ಆ ಕುರ್ಚಿಗೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದ್ದರು. ಆದರೂ ಆ ಖಾಲಿ ಕುರ್ಚಿ ತನಗಾಗಿಯೇ ಕಾದು ಕೂತಂತೆ ಅಕ್ಕನಿಗೆ ಅನಿಸುತ್ತಿತ್ತು.

ಅಂಗಡಿಗಳಿಗೆ ಬೋರ್ಡು ಬರೆಯುವ ಅವಳ ಗಂಡ ತನ್ನ ಕೈಲಾದದ್ದು ಮಾಡಿದ. ಪಾಠಕ್ಕೆಂದು ದಪ್ಪ ಹಾಳೆಯ ಮೇಲೆ ಚಾರ್ಟ್ ಬರೆದುಕೊಟ್ಟ. ಎರಡು ಉದ್ದನೆ ಪಟ್ಟಿ, ಒಂದರ ಅರ್ಧಕ್ಕೆ ಒಂದು ಬಣ್ಣ, ಇನ್ನೊಂದರ ಮೂರರಲ್ಲಿ ಒಂದು ಭಾಗಕ್ಕೆ ಬೇರೆ ಬಣ್ಣ. ಮೇಲೆ 'ಭಿನ್ನರಾಶಿಗಳ ಸಂಕಲನ' ಎಂದು ನೆರಳು ಕೊಟ್ಟು ಬರೆದಿದ್ದ. ಹೊಸ ಬಟ್ಟೆ ಅಂಗಡಿ ತೆರೆದ ಹಾಗಿತ್ತು.

ಇತ್ತ ಜೊತೆಯ ಹುಡುಗರು ಧೈರ್ಯ ಹೇಳಿದರು. "ಅಕ್ಕಾ, ಹಿಂದಿನ ದಿನ ಒಂದ್ಸಲ ಇಸ್ತ್ರಿ ಹಾಕಿಬಿಡಿ. ನಾವೆಲ್ಲ ಅದನ್ನೇ ಮಾಡಿದ್ದು." ಇಸ್ತ್ರಿ ಹಾಕುವುದೆಂದರೆ, ಪರೀಕ್ಷಕರ ಮುಂದೆ ಮಾಡುವ ಪಾಠವನ್ನು ಹಿಂದಿನ ದಿನವೇ ಮಕ್ಕಳಿಗೆ ಮಾಡಿ, ಪ್ರಶ್ನೆ ಉತ್ತರ ಎರಡನ್ನೂ ಬಾಯಿಪಾಠ ಮಾಡಿಸಿಡುವುದು. ಮರುದಿನ ಸುಕ್ಕಿರುವುದಿಲ್ಲ. ಅಕ್ಕನಿಗೆ ಮನಸ್ಸು ಒಪ್ಪಲಿಲ್ಲ, ಆದರೆ ಭಯ ಒಪ್ಪಿಸಿತು. ಹಿಂದಿನ ದಿನ ಮೇಡಂ ಮೀಟಿಂಗಿಗೆ ಹೋದದ್ದೇ ಸಮಯವೆಂದು ಪಾಠಕ್ಕೆ ಗರಿಗರಿಯಾಗಿ ಇಸ್ತ್ರಿ ಹಾಕಿದಳು. ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ. "ನೀವೇನೂ ಹೆದರ್ಬೇಡಿ ಮಿಸ್, ನಾವಿದೀವಲ್ಲ" ಎಂದು ಅವರೇ ಸಮಾಧಾನ ಹೇಳಿದರು.

ಮರುದಿನ ಪರೀಕ್ಷಕರು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಆ ಬೆಂಚಿನಲ್ಲಿದ್ದವಳು ಕ್ಲಾಸಿಗೇ ಎತ್ತರದ ಹುಡುಗಿ, ಎಲ್ಲರೂ ಏಣಿ ಎಂದು ಕರೆಯುತ್ತಿದ್ದವಳು. ಜ್ವರ ಬಂದು ಹಿಂದಿನ ದಿನ ಮನೆಯಲ್ಲಿದ್ದಳು. ಗಡಿಬಿಡಿಯಲ್ಲಿ ಅಕ್ಕ ಅದನ್ನು ಗಮನಿಸಿರಲಿಲ್ಲ.

"ಈ ಪಟ್ಟಿಯನ್ನು ಎಷ್ಟು ಸಮಭಾಗ ಮಾಡಿದ್ದೇನೆ?" ಎಂದಳು ಅಕ್ಕ.

"ಎರಡು ಮಿಸ್" ಎಂದು ಕ್ಲಾಸು ಒಕ್ಕೊರಲಿನಿಂದ ಹೇಳಿತು.

ಮುಂದೆ ಕೇಳಬೇಕಾದ್ದು, ಅದರಲ್ಲಿ ಎಷ್ಟು ಭಾಗಕ್ಕೆ ಬಣ್ಣ ಹಚ್ಚಿದೆ ಎಂದು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದದ್ದು ಕಣ್ಣಿಗೆ ಬಿದ್ದು ಅಕ್ಕನಿಗೆ ಅದು ಮರೆತೇಹೋಯಿತು. "ಬಣ್ಣ ಹಚ್ಚಿದ ಭಾಗವನ್ನು ಏನೆಂದು ಕರೆಯುತ್ತೇವೆ?" ಎಂದಳು.

"ಒಂದು ಮಿಸ್."

ಅಕ್ಕ ಚಾರ್ಟಿನತ್ತ ತಿರುಗಿದಳು. ಸಾವರಿಸಿಕೊಂಡು ಎರಡನೆಯ ಪಟ್ಟಿ ತೋರಿಸಿ, "ಇದನ್ನು ಎಷ್ಟು ಭಾಗ ಮಾಡಿದೆ?" ಎಂದಳು.

"ಅರ್ಧ ಮಿಸ್."

"ಎಲ್ಲರಿಗೂ ಅರ್ಥವಾಗ್ತಿದೆ ತಾನೆ?"

"ಮೂರು ಮಿಸ್."

ಮುಂದಿನ ಬೆಂಚಿನ ಜಾಣನೊಬ್ಬನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ತನ್ನ ಮಟ್ಟಿಗೆ ಪಿಸುಗುಟ್ಟುತ್ತ, ಆದರೆ ಕಾರಿಡಾರಿಗೂ ಕೇಳುವಂತೆ, "ಮಿಸ್, ನಡುವೆ ಒಂದು ಪ್ರಶ್ನೆ ಬಿಟ್ರಿ" ಎಂದ.

ಗುಟ್ಟು ರಟ್ಟಾಯಿತು. ಪರೀಕ್ಷಕರ ಪೆನ್ನು ನಿಂತಿತು. ಅಕ್ಕ ಬಾಗಿಲ ಕಡೆ ನೋಡಿದಳು. ಮೇಡಂ ಉತ್ತರಪತ್ರಿಕೆಯಿಂದ ತಲೆ ಎತ್ತಿದ್ದರು, ಅಷ್ಟೆ. ಬಾಯಿ ತೆರೆಯಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡಳು ಅಕ್ಕ. ಕಣ್ಣಿಗೆ ನೀರು ಬಂದಿತ್ತು.

ಆಗ ಕೊನೆಯ ಬೆಂಚಿನಲ್ಲಿ ಒಂದು ಉದ್ದನೆಯ ಕೈ ಮೇಲೆದ್ದಿತು.

"ಮಿಸ್, ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೇ ಏನೂ ಗೊತ್ತಾಗ್ತಿಲ್ಲ" ಎಂದಳು ಏಣಿ. "ಎರಡಕ್ಕಿಂತ ಮೂರು ದೊಡ್ಡದಲ್ವಾ? ಹಾಗಿದ್ರೆ ಮೂರು ಭಾಗ ಮಾಡಿದ್ದು ಯಾಕೆ ಚಿಕ್ಕದಾಗಿದೆ?"

ಅದು ಇಸ್ತ್ರಿ ಹಾಕಿದ ಪ್ರಶ್ನೆಗಳಲ್ಲಿ ಇರಲಿಲ್ಲ. ಅಕ್ಕನಿಗೆ ಏನು ತೋಚಿತೋ, ಗಂಡ ಅಕ್ಕರೆಯಿಂದ ಬರೆದ ಚಾರ್ಟನ್ನು ಗೋಡೆಯಿಂದ ಬಿಚ್ಚಿ, ಕೆಳಗಿನ ಖಾಲಿ ಅಂಚನ್ನು ಪರ್ರನೆ ಹರಿದು ಎರಡು ಸಮನಾದ ಪಟ್ಟಿ ಮಾಡಿಕೊಂಡು ನೇರ ಹಿಂದಕ್ಕೆ ಹೋದಳು. ಹುಡುಗಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. "ನೀನೇ ಮಡಚಿ ನೋಡು. ಒಂದನ್ನು ಇಬ್ಬರಿಗೆ ಹಂಚು, ಇನ್ನೊಂದನ್ನು ಮೂವರಿಗೆ" ಎಂದಳು, ತನ್ನ ಆ ಮೆಲುದನಿಯಲ್ಲೇ.

ಏಣಿ ಮಡಚಿದಳು. "ಓ, ಜನ ಜಾಸ್ತಿ ಆದ್ರೆ ಪಾಲು ಕಡಿಮೆ" ಎಂದಳು.

"ಈಗ ಎರಡು ಪಾಲನ್ನೂ ಸೇರಿಸಿದ್ರೆ?"

"ಆರರಲ್ಲಿ ಐದು" ಎಂದು ಮುಂದಿನಿಂದ ಯಾರೋ ಕೂಗಿದರು. ಯಾಕೆ ಎಂದು ಏಣಿ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಬಾಯಿಗೆ ಬರುತ್ತಿತ್ತು, ತಲೆಗೆ ಹೋಗಿರಲಿಲ್ಲ. ಜಾಣ ಎದ್ದು ಬಂದು, ಮೇಲಿನದು ಮೇಲಿನದು ಕೂಡು, ಕೆಳಗಿನದು ಕೆಳಗಿನದು ಕೂಡು, ಐದರಲ್ಲಿ ಎರಡು ಆಗಬೇಕು ಎಂದ. ಏಣಿ ಪಟ್ಟಿ ನೋಡಿ ತಲೆಯಾಡಿಸಿದಳು. "ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಡಿಮೆ ಕಣೋ. ಅರ್ಧಕ್ಕೆ ಇನ್ನಷ್ಟು ಸೇರಿಸಿದ್ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತೆ?"

ಅಷ್ಟು ಹೊತ್ತಿಗೆ ಅರ್ಧ ಕ್ಲಾಸು ಅವಳ ಬೆಂಚಿನ ಸುತ್ತ ಇತ್ತು. ಅಕ್ಕನ ಮಾತು ಕೇಳಿಸಲೆಂದು ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಿದ್ದರು. ಎರಡೂ ಪಟ್ಟಿಗಳನ್ನು ಆರು ಮಡಿಕೆ ಮಾಡಿದರು. ಅರ್ಧವೆಂದರೆ ಮೂರು ಮಡಿಕೆ, ಮೂರರಲ್ಲಿ ಒಂದೆಂದರೆ ಎರಡು ಮಡಿಕೆ. ಒಟ್ಟು ಐದು. "ಆರರಲ್ಲಿ ಐದು" ಎಂದಳು ಏಣಿ, ಮೆಲ್ಲಗೆ. ಸೈಕಲ್ ಸ್ಟ್ಯಾಂಡಿನಲ್ಲಿ ಏನೋ ದಡಾರೆಂದು ಬಿತ್ತು. ಒಂದು ಕತ್ತೂ ತಿರುಗಲಿಲ್ಲ. ಅಕ್ಕ ತಲೆ ಎತ್ತಿದರೆ ಪರೀಕ್ಷಕರೂ ಮಕ್ಕಳ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದರು.

ಬೆಲ್ಲು ಹೊಡೆದ ಮೇಲೆ ಅವರು ಕೇಳಿದರು. "ನಿನ್ನೆ ಇದೇ ಪಾಠ ಮಾಡಿದ್ರಿ, ಅಲ್ವೇನಮ್ಮ?"

"ಹೌದು ಸರ್" ಎಂದಳು ಅಕ್ಕ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಆ ಹುಡುಗಿಗೆ?"

"ಅವಳು ನಿನ್ನೆ ಬಂದಿರ್ಲಿಲ್ಲ ಸರ್" ಎಂದಳು. ಅದು ಅವಳಿಗೆ ಈಗಷ್ಟೇ ಹೊಳೆದಿತ್ತು.

"ಸರಿ. ಅವಳಿಗೆ ನೀವು ಮಾಡಿದ ಪಾಠ ನೋಡಿದೆ. ಅದಕ್ಕೇ ಮಾರ್ಕ್ಸ್ ಹಾಕ್ತೀನಿ. ಮೊದಲು ನಡೆದ ನಾಟಕಕ್ಕೆ ಒಂದಷ್ಟು ಕಳೀತೀನಿ, ಬೇಜಾರು ಮಾಡ್ಕೋಬೇಡಿ" ಎಂದು ಕೈಕುಲುಕಿ ಹೋದರು. ಅಕ್ಕ ಪಾಸಾಗಿದ್ದಳು.

ಅವಳು ಮೇಡಂ ಹತ್ತಿರ ಹೋದಳು. ಗುಟ್ಟು ರಟ್ಟಾದ ಗಳಿಗೆಯಲ್ಲಿ ಮೇಡಂ ಮರುಕದಿಂದ ಒಂದು ಮಾತಾಡಿದ್ದರೂ ಏಣಿಯ ಕೈ ಮೇಲೇಳುತ್ತಿರಲಿಲ್ಲ. ಅದು ಅಕ್ಕನಿಗೆ ಈಗ ಗೊತ್ತಾಯಿತು. "ಸುಮ್ನೆ ಕೂರೋದು ನನಗೂ ಕಷ್ಟವೇ ಇತ್ತು" ಎಂದರು ಮೇಡಂ.

ಮರುದಿನ ಬೆಳಿಗ್ಗೆ ಸ್ಟಾಫ್‌ರೂಮಿನ ಬಾಗಿಲಲ್ಲಿ ಏಣಿ ನಿಂತಿದ್ದಳು. ಮುಖ ಬಾಡಿತ್ತು.

"ಮಿಸ್, ಎಲ್ಲರೂ ಬೈತಿದಾರೆ. ನಾನು ಸುಮ್ನಿರ್ಬೇಕಿತ್ತಂತೆ. ನನ್ನಿಂದ ನಿಮ್ಮ ಮಾರ್ಕ್ಸ್ ಹೋಯ್ತಂತೆ."

ಅಕ್ಕ ಅವಳ ಕೈ ಹಿಡಿದುಕೊಂಡಳು. "ನೀನು ಸುಮ್ನಿದ್ದಿದ್ರೆ ನಾನು ಟೀಚರೇ ಆಗ್ತಿರ್ಲಿಲ್ಲ ಕಣಮ್ಮ. ಥ್ಯಾಂಕ್ಸ್."

ಟೀಚರೊಬ್ಬರು ತನಗೆ ಥ್ಯಾಂಕ್ಸ್ ಹೇಳಿದ್ದನ್ನು ಆ ಹುಡುಗಿ ಅದುವರೆಗೆ ಕೇಳಿರಲಿಲ್ಲ.

"ಪರವಾಗಿಲ್ಲ ಮಿಸ್" ಎಂದಳು. "ಇವತ್ತೂ ಗೊತ್ತಾಗ್ದಿದ್ರೆ ಕೇಳ್ತೀನಿ."